ಗ್ರಂಥಾಲಯಕ್ಕೆ ಯಾವ ಅಳತೆ?

ನಮ್ಮ ಕಡೆಯ ಸಂತೆಗಳಲ್ಲಿ ಹಿಂದೆ ಕಾಳಿಗೆ ಸೇರು, ಬಟ್ಟೆಗೆ ಗಜ, ಬೆಲ್ಲಕ್ಕೆ ತಕ್ಕಡಿ ಎಂದು ಒಂದೊಂದು ವಸ್ತುವಿಗೆ ಒಂದೊಂದು ಅಳತೆ ಇದ್ದಿತು. ಕಾಳನ್ನು ಗಜದಿಂದ ಅಳೆಯಹೊರಟವನನ್ನು ಕಂಡರೆ ಜನ ನಗುತ್ತಿದ್ದರು. ವಿಶ್ವವಿದ್ಯಾಲಯದ ಗ್ರಂಥಾಲಯವನ್ನೂ ಅದರೊಡನೆ ಈಗ ಬಿಡಿಸಲಾಗದಂತೆ ಹೆಣೆದುಕೊಂಡಿರುವ ಗಣಕ ಸೇವೆಗಳನ್ನೂ ಅಳೆಯುವ ವಿಷಯದಲ್ಲಿ ಮಾತ್ರ ಇಂಥ ನಗು ನಮಗೆ ಬಹುಕಾಲ ಬರಲಿಲ್ಲ. ಎಷ್ಟು ಲಕ್ಷ ಪುಸ್ತಕ, ಎಷ್ಟು ಚದರ ಅಡಿ ಕಟ್ಟಡ, ಎಷ್ಟು ರೂಪಾಯಿ ಅನುದಾನ, ಎಷ್ಟು ಗಣಕಯಂತ್ರ ಎಂದು ಕೇಳಿ, ಉತ್ತರವನ್ನು ವರದಿಯಲ್ಲಿ ಬರೆದು, ಗ್ರಂಥಾಲಯವನ್ನು ಪರೀಕ್ಷಿಸಿದೆವೆಂದು ಸಮಾಧಾನಪಟ್ಟುಕೊಂಡೆವು. ಹೊಲಕ್ಕೆ ಎಷ್ಟು ಗಾಡಿ ಗೊಬ್ಬರ ಹೊಡೆಸಿದೆವೆಂಬ ಲೆಕ್ಕ ಬೇಕಾದದ್ದೇ. ಅದನ್ನು ಬೆಳೆಯ ಲೆಕ್ಕವೆಂದು ಯಾವ ಒಕ್ಕಲಿಗನೂ ಭಾವಿಸುವುದಿಲ್ಲ.

ಈ ವಿಷಯ ಪ್ರಾಧ್ಯಾಪಕರಿಗೂ ಗ್ರಂಥಪಾಲಕರಿಗೂ ಸೇರಿದ್ದು, ನಮಗೇನು ಎಂದು ಊರಿನ ಓದುಗರಿಗೆ ಅನ್ನಿಸಬಹುದು. ಆದರೆ ವಿಶ್ವವಿದ್ಯಾಲಯ ಈಗ ನಮ್ಮ ಮನೆಯ ಬಾಗಿಲಿಗೇ ಬಂದಿದೆ. ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾವಿಗಳ ಹುಡುಗರು ನನ್ನ ಕಾಲದಲ್ಲಿ ಎಂ.ಎ. ಓದಬೇಕೆಂದರೆ ಧಾರವಾಡದ ದಾರಿ ಹಿಡಿಯುತ್ತಿದ್ದರು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂದಿತು. 2022–23ರಲ್ಲಿ ರಾಜ್ಯ ಹೊಸದಾಗಿ ಸ್ಥಾಪಿಸಿದ ಏಳು ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯದೂ ಒಂದಾಯಿತು. ಎರಡೇ ವರ್ಷಗಳಲ್ಲಿ, 2025ರ ಆರಂಭಕ್ಕೆ, ಈ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚುವ ವಿಚಾರವೂ ಚರ್ಚೆಗೆ ಬಂದಿತು. ಇಂಥ ಹೊತ್ತಿನಲ್ಲಿ ಯಾವ ಅಳತೆಯಿಂದ ಅಳೆಯುತ್ತೇವೆಂಬುದು ಬರಿಯ ಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪುಸ್ತಕಗಳ ಎಣಿಕೆಯೊಂದೇ ಅಳತೆಯಾದರೆ, ನಿನ್ನೆ ಹುಟ್ಟಿದ ಸಂಸ್ಥೆ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ಮುಂದೆ ಎಂದಿಗೂ ಸೋಲಬೇಕಾದದ್ದೇ.

ಧಾರವಾಡದ ಆ ಗ್ರಂಥಾಲಯಕ್ಕೆ ಪ್ರೊ. ಶಿ. ಶಿ. ಬಸವನಾಳರ ಹೆಸರಿದೆ. ನಾನು ಎಂ.ಎ. ಓದುತ್ತಿದ್ದಾಗ ಅಲ್ಲಿಯ ತಂತ್ರಜ್ಞಾನವೆಂದರೆ ಸಣ್ಣ ಸಣ್ಣ ಕಟ್ಟಿಗೆಯ ಸೆಳೆಖಾನೆಗಳಲ್ಲಿ ಜೋಡಿಸಿಟ್ಟ ಸೂಚಿಪತ್ರಗಳು. ಬೆರಳಿನಿಂದ ಅವನ್ನು ಒಂದೊಂದಾಗಿ ಸರಿಸುತ್ತ ಹೋದರೆ, ಹುಡುಕಿದ ಪುಸ್ತಕದ ಹಿಂದೆ ಮುಂದೆ ಇನ್ನೆರಡು ಕಣ್ಣಿಗೆ ಬೀಳುತ್ತಿದ್ದವು. ಸೇವೆಯ ಪರೀಕ್ಷೆ ಅಲ್ಲಿಯೇ, ಆ ಕ್ಷಣವೇ ಆಗಿಹೋಗುತ್ತಿತ್ತು. ಪುಸ್ತಕ ಸಿಕ್ಕಿತು, ಅಥವಾ ಸಿಗಲಿಲ್ಲ. ಸಿಗದಿದ್ದಾಗ ಅದನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ ಎಂಬುದೊಂದೇ ಕೊರತೆ. ಈ ಕೊರತೆಯ ಮಾತಿಗೆ ಮುಂದೆ ಬರುತ್ತೇನೆ.

ಓದುಗನ ಕಡೆಯಿಂದ ಗ್ರಂಥಾಲಯವನ್ನು ನೋಡಬೇಕೆಂಬ ವಿಚಾರ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕ ರೂಪದಲ್ಲಿ ಮುಂದಿಟ್ಟರು. ಪುಸ್ತಕ ಇರುವುದು ಬಳಕೆಗಾಗಿ, ಓದುಗನ ಸಮಯ ಬೆಲೆಯುಳ್ಳದ್ದು, ಗ್ರಂಥಾಲಯ ಬೆಳೆಯುತ್ತಲೇ ಇರುವಂಥದು ಎಂಬ ಅರ್ಥದ ಆ ಮಾತುಗಳು ಇಂದು ಸರಳವಾಗಿ ತೋರುತ್ತವೆ. ಪುಸ್ತಕಗಳನ್ನು ಕಾಯ್ದಿಡುವುದೇ ಗ್ರಂಥಪಾಲಕನ ಧರ್ಮವೆಂದು, ಕಪಾಟಿಗೆ ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅವು ಸರಳವಾಗಿರಲಿಲ್ಲ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಪ್ರಲೇಖನ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯವನ್ನು ಅಳೆಯಲು ಮುಂದೆ ಬಂದ ಎಷ್ಟೋ ವಿಧಾನಗಳು ಅವರ ಸೂತ್ರಗಳಿಗೆ ಬರೆದ ಟೀಕೆಗಳಂತೆ ನನಗೆ ಕಾಣುತ್ತವೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. 1969ರಲ್ಲಿ ಅಲ್ಲಿಯ ಗ್ರಂಥಾಲಯ ಕೊಂಡ ಪುಸ್ತಕಗಳು ಮುಂದಿನ ಆರು ವರ್ಷಗಳಲ್ಲಿ ಎಷ್ಟು ಸಲ ಹೊರಗೆ ಹೋದವೆಂದು ಲೆಕ್ಕ ಹಾಕಿದರು. ಶೇಕಡಾ 40ರಷ್ಟು ಪುಸ್ತಕಗಳು ಒಮ್ಮೆಯೂ ಎರವಲು ಹೋಗಿರಲಿಲ್ಲ! 1979ರಲ್ಲಿ ಇದು ಪ್ರಕಟವಾದಾಗ ವಿದ್ವಾಂಸರು ದೊಡ್ಡ ವಾದವನ್ನೇ ಹೂಡಿದರು. ಪುಸ್ತಕಗಳ ಎಣಿಕೆ ಎಷ್ಟು ಟೊಳ್ಳೆಂಬುದನ್ನು ಆ ಅಧ್ಯಯನ ತೋರಿಸಿತು, ನಿಜ. ಹಾಗೆಂದು ಎರವಲಿನ ಲೆಕ್ಕವನ್ನೇ ಪರಮ ಪ್ರಮಾಣವೆಂದು ಹಿಡಿಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಆ ಮೊದಲ ಮುದ್ರಣದ ಪ್ರತಿಯೊಂದು ಯಾವುದೋ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಅಲುಗಾಡದೆ ಕುಳಿತಿದ್ದರೂ, ಪಾಠಾಂತರಗಳನ್ನು ಹೋಲಿಸಿ ನೋಡುವ ಒಬ್ಬ ವಿದ್ಯಾರ್ಥಿ ಬಂದ ದಿನ ಅದರ ಇಪ್ಪತ್ತು ವರ್ಷಗಳ ಕಾವಲು ಸಾರ್ಥಕ. ಭೌತಶಾಸ್ತ್ರದ ಪುಸ್ತಕಕ್ಕೆ ಇರುವ ಆಯುಷ್ಯವೇ ಬೇರೆ, ಸಾಹಿತ್ಯದ್ದೇ ಬೇರೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸುವವರು ಗಜದಿಂದ ಕಾಳನ್ನು ಅಳೆದವರೇ.

ನಮ್ಮ ದೇಶದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನಕ್ಕೆಂದು 1994ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 2017ರಲ್ಲಿ ಅದು ಜಾರಿಗೆ ತಂದ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯವೊಂದಕ್ಕೆ ಒಟ್ಟು 1000 ಅಂಕಗಳು. ಅದರಲ್ಲಿ ಗ್ರಂಥಾಲಯಕ್ಕೆ 20, ಮಾಹಿತಿ ತಂತ್ರಜ್ಞಾನದ ಸೌಕರ್ಯಕ್ಕೆ 30. ಗ್ರಂಥಾಲಯ ಗಣಕೀಕೃತವಾಗಿದೆಯೇ, ವಿದ್ಯುನ್ಮಾನ ಪತ್ರಿಕೆಗಳಿಗೆ ಚಂದಾ ಉಂಟೇ, ವರ್ಷಕ್ಕೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಜನ ಬರುತ್ತಾರೆ, ಒಂದು ಗಣಕಕ್ಕೆ ಎಷ್ಟು ವಿದ್ಯಾರ್ಥಿಗಳು ಎಂಬಂಥ ಪ್ರಶ್ನೆಗಳು. ತಪ್ಪು ಪ್ರಶ್ನೆಗಳೆಂದು ಹೇಳಲಾರೆ. ಹಣವನ್ನೇ ಖರ್ಚು ಮಾಡದ ಸಂಸ್ಥೆ ಸಿಕ್ಕಿಬೀಳುವುದು ಇವುಗಳಿಂದಲೇ. ಆದರೆ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆಯುವವರು ಸಂಸ್ಥೆಯವರು. ದಿನವಹಿಯಲ್ಲಿ ಸಹಿ ಹಾಕಿ ಒಳಗೆ ಹೋದ ಹುಡುಗಿ ಏನನ್ನು ಹುಡುಕಿದಳು, ಏನನ್ನು ಪಡೆದಳು ಎಂಬುದು ಸಹಿಯ ಎಣಿಕೆಯಲ್ಲಿ ಕಾಣುವುದಿಲ್ಲ. 2024ರಲ್ಲಿ ನ್ಯಾಕ್ ಬೇರೊಂದು ಪದ್ಧತಿಯನ್ನು ಘೋಷಿಸಿತು. ಯಾವ ಪದ್ಧತಿಯಾದರೂ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ಹಾಗಾದರೆ ಓದುಗನನ್ನೇ ಕೇಳಬಾರದೇಕೆ? 2000ದ ಸುಮಾರಿಗೆ ಅಮೆರಿಕದ ಸಂಶೋಧನ ಗ್ರಂಥಾಲಯಗಳ ಸಂಘವೂ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವೂ ಕೂಡಿ ಇದನ್ನೇ ಮಾಡಿದವು. ಲಿಬ್‌ಕ್ವಾಲ್ ಎಂಬ ಆ ಪ್ರಶ್ನಾವಳಿಯ ಬೇರು ಇರುವುದು ವ್ಯಾಪಾರ ಶಾಸ್ತ್ರದಲ್ಲಿ. ಗಿರಾಕಿಗಳ ತೃಪ್ತಿಯನ್ನು ಅಳೆಯಲು 1980ರ ದಶಕದಲ್ಲಿ ಪರಶುರಾಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ರೂಪಿಸಿದ ವಿಧಾನವದು. ಇದರಲ್ಲಿ 22 ಮುಖ್ಯ ಪ್ರಶ್ನೆಗಳು. ಸಿಬ್ಬಂದಿ ಹೇಗೆ ನಡೆಸಿಕೊಳ್ಳುತ್ತಾರೆ, ಬೇಕಾದ ಮಾಹಿತಿ ತಾನಾಗಿ ಹುಡುಕಿಕೊಳ್ಳಲು ಸಾಧ್ಯವೇ, ಕುಳಿತು ಓದಲು ಆ ಸ್ಥಳ ಯೋಗ್ಯವೇ ಎಂಬ ಮೂರು ಮುಖಗಳನ್ನು ಅವು ಮುಟ್ಟುತ್ತವೆ. ಇದರ ಜಾಣತನವಿರುವುದು ಕೇಳುವ ರೀತಿಯಲ್ಲಿ. ಪ್ರತಿಯೊಂದು ಪ್ರಶ್ನೆಗೂ ಓದುಗನು ಒಂದರಿಂದ ಒಂಬತ್ತರವರೆಗಿನ ಮೂರು ಅಂಕ ಕೊಡಬೇಕು: ಕನಿಷ್ಠಪಕ್ಷ ಇಷ್ಟಾದರೂ ಇರಬೇಕೆನ್ನುವುದು ಒಂದು, ಮನಸ್ಸು ಬಯಸುವುದು ಇನ್ನೊಂದು, ಈಗ ನಿಜವಾಗಿ ಸಿಗುತ್ತಿರುವುದು ಮೂರನೆಯದು. ಸಿಗುತ್ತಿರುವುದು ಕನಿಷ್ಠಕ್ಕೂ ಬಯಕೆಗೂ ನಡುವೆ ಎಲ್ಲಿ ನಿಂತಿದೆ ಎಂಬುದೇ ಅಳತೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದೇ ಗ್ರಂಥಾಲಯ, ಇಬ್ಬರು ವಿದ್ಯಾರ್ಥಿಗಳು. ಒಬ್ಬನು ಬೆಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ಓದಿ ಬಂದವನು. ಅವನ ಕನಿಷ್ಠ 7, ಬಯಕೆ 9, ಸಿಗುತ್ತಿರುವುದು 5. ಕನಿಷ್ಠಕ್ಕೂ ಎರಡು ಕಡಿಮೆಯಾಯಿತು; ಗ್ರಂಥಾಲಯ ನಪಾಸು. ಇನ್ನೊಬ್ಬಳು ನಮ್ಮ ತಾಲ್ಲೂಕಿನ ಹಳ್ಳಿಯವಳು. ಅವಳು ಕಲಿತ ಶಾಲೆಯಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಟ್ರಂಕು. ಅವಳ ಕನಿಷ್ಠ 3, ಬಯಕೆ 6, ಸಿಗುತ್ತಿರುವುದು ಅದೇ 5. ಕನಿಷ್ಠಕ್ಕಿಂತ ಎರಡು ಹೆಚ್ಚು. ಗ್ರಂಥಾಲಯ ಸಲೀಸಾಗಿ ಪಾಸು! ಗ್ರಂಥಾಲಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಕೇಳುವ ಧೈರ್ಯ. ಆ ಹುಡುಗಿಯಂಥವರೇ ತುಂಬಿರುವ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನಾವಳಿಯನ್ನು ಹಂಚಿದರೆ ಫಲಿತಾಂಶ ಚಿನ್ನದಂತೆ ಹೊಳೆಯುತ್ತದೆ. ಕುಲಪತಿಗಳು ಅದನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಬಹುದು. ನಾನು ಕಂಡ ಎಷ್ಟೋ ತೃಪ್ತಿ ಸಮೀಕ್ಷೆಗಳಲ್ಲಿ "ಚಲೋ ಐತ್ರಿ ಸರ್" ಎಂಬ ಉತ್ತರವೇ ಹೆಚ್ಚು. ಅದರಲ್ಲಿ ಸೌಜನ್ಯದ ಪಾಲೆಷ್ಟು, ತೃಪ್ತಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಅಷ್ಟಾದರೂ ಈ ವಿಧಾನವನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ವರ್ಷದಲ್ಲಿ ಒಮ್ಮೆ, ಕೊನೆಯ ವರ್ಷದಲ್ಲಿ ಒಮ್ಮೆ ಅದೇ ಹುಡುಗಿಯನ್ನು ಕೇಳಿ, ಅವಳ ಕನಿಷ್ಠ 3ರಿಂದ 6ಕ್ಕೆ ಏರಿದ್ದರೆ, ಅದು ಗ್ರಂಥಾಲಯಕ್ಕೆ ಸಂದ ನಿಜವಾದ ಅಂಕ. ಪ್ರಶ್ನಾವಳಿಯನ್ನು ಒಂದೇ ಸಲ ಹಂಚಿ ಕೈತೊಳೆದುಕೊಳ್ಳುವವರಿಗೆ ಈ ಏರಿಕೆ ಕಾಣುವುದೇ ಇಲ್ಲ.

ಇನ್ನು ಗಣಕಗಳ ಮಾತು. ನಮ್ಮಲ್ಲಿ ಗ್ರಂಥಾಲಯ ಒಂದು ಮನೆ, ಗಣಕ ಕೇಂದ್ರ ಇನ್ನೊಂದು ಮನೆ, ನಡುವೆ ಗೋಡೆ. ವಿದ್ಯುನ್ಮಾನ ಪತ್ರಿಕೆಯೊಂದು ತೆರೆಯದಿದ್ದರೆ ಗ್ರಂಥಾಲಯದವರು "ಅದು ಜಾಲದ ತೊಂದರೆ, ಅವರನ್ನು ಕೇಳಿ" ಎನ್ನುತ್ತಾರೆ. ಗಣಕ ಕೇಂದ್ರದವರು "ಅದು ಚಂದಾದ ತೊಂದರೆ, ಇವರನ್ನು ಕೇಳಿ" ಎನ್ನುತ್ತಾರೆ. ಹೀಗೆ ಮೂರು ದಿನ ಎರಡು ಕಟ್ಟಡಗಳ ನಡುವೆ ಸುತ್ತಿ, ಕೊನೆಗೆ ಗುಪ್ತಪದದ ಅವಧಿ ಮುಗಿದಿತ್ತೆಂದು ತಿಳಿದುಕೊಂಡ ಸಂಶೋಧಕನನ್ನು ನಾನು ಬಲ್ಲೆ. ವಿಶ್ವವಿದ್ಯಾಲಯದ ಹೆಸರು ಬೇಡ. ಅದು ಎಲ್ಲಿ ಬೇಕಾದರೂ ನಡೆಯುವ ಸಂಗತಿ. ಎರಡು ಇಲಾಖೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡಕ್ಕೂ ಒಳ್ಳೆಯ ಅಂಕ ಬರುತ್ತದೆ, ಏಕೆಂದರೆ ತೊಂದರೆ ಇರುವುದು ನಡುವಿನ ಗೋಡೆಯಲ್ಲಿ. ಅಮೆರಿಕದ ಬ್ರಿನ್ ಮಾರ್ ಎಂಬ ಕಾಲೇಜಿನಲ್ಲಿ 2005ರಲ್ಲಿ ರೂಪುಗೊಂಡ ಸಮೀಕ್ಷೆಯೊಂದು ಇದೇ ಕಾರಣಕ್ಕೆ ಗ್ರಂಥಾಲಯ ಸೇವೆಯನ್ನೂ ಗಣಕ ಸೇವೆಯನ್ನೂ ಒಂದೇ ಹಾಳೆಯಲ್ಲಿ ತಂದಿತು. ಈ ಸೇವೆಯನ್ನು ಎಷ್ಟು ಸಲ ಬಳಸುತ್ತೀರಿ, ನಿಮಗೆ ಅದು ಎಷ್ಟು ಮುಖ್ಯ, ಅದರಿಂದ ಎಷ್ಟು ತೃಪ್ತರು ಎಂದು ಅದು ವಿಚಾರಿಸುತ್ತದೆ. ಬಹಳ ಮುಖ್ಯವೆಂದು ಹೇಳಿ, ತೃಪ್ತಿ ಕಡಿಮೆ ಎಂದಿರುವ ಸೇವೆಗೆ ಮೊದಲು ಹಣ ಹಾಕಬೇಕೆಂಬುದು ಆಗ ಕುರುಡನಿಗೂ ಕಾಣುತ್ತದೆ.

ಈ ಪರದೇಶದ ಪ್ರಶ್ನಾವಳಿಗಳಲ್ಲಿ ಇರದ, ನಮಗೆ ಮಾತ್ರ ಸೇರಿದ ಪ್ರಶ್ನೆಯೊಂದಿದೆ. ಕನ್ನಡ ಪುಸ್ತಕ ಗಣಕದಲ್ಲಿ ಸಿಗುತ್ತದೆಯೇ?

ಸರ್ವಜ್ಞನನ್ನೇ ತೆಗೆದುಕೊಳ್ಳೋಣ. ನಮ್ಮ ಅಬಲೂರು ಮಾಸೂರುಗಳೊಡನೆ ತಳುಕು ಹಾಕಿಕೊಂಡ ಹೆಸರು ಅದು. ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಗಣಕಕ್ಕೆ ಏರಿಸುವ ಪದ್ಧತಿ ನಮ್ಮ ಅನೇಕ ಗ್ರಂಥಾಲಯಗಳಲ್ಲಿ ಬೆಳೆದು ಬಂದಿತು. 'ಜ್ಞ'ವನ್ನು ಒಬ್ಬರು ಜೆ-ಎನ್-ಎ ಎಂದು ಬರೆದರು, ಇನ್ನೊಬ್ಬರು ಜಿ-ಎನ್-ಎ ಎಂದರು, ಮತ್ತೊಬ್ಬರು ನಡುವೆ ಒಂದು ವೈ ಸೇರಿಸಿದರು. ಮೂವರೂ ತಮ್ಮ ಮಟ್ಟಿಗೆ ಸರಿಯೇ. ಆದರೆ ಸರ್ವಜ್ಞ ಮೂರು ಜನರಾಗಿಬಿಟ್ಟ. ಒಂದು ಕಾಗುಣಿತದಲ್ಲಿ ಹುಡುಕಿದವನಿಗೆ ಉಳಿದೆರಡು ಕಡೆಯ ಪುಸ್ತಕಗಳು ಕಾಣುವುದಿಲ್ಲ. ಇನ್ನು ಗುರುತುಗಳಿಲ್ಲದ ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ ಭೇದವೇ ಇಲ್ಲವಷ್ಟೆ. ಹಳ್ಳಿಯ ಸಮಾಜಜೀವನದ ಮೇಲಿನ ಪ್ರೌಢ ಪ್ರಬಂಧವೂ ಹಲ್ಲಿಯ ಶಕುನದ ಪುಸ್ತಿಕೆಯೂ ಒಂದೇ ಸಾಲಿನಲ್ಲಿ ಬಂದು ಕೂಡುತ್ತವೆ. ಹಳೆಯ ಸೂಚಿಪತ್ರದ ಸೆಳೆಖಾನೆಯಲ್ಲಿ ಕನ್ನಡವನ್ನು ಕನ್ನಡದಲ್ಲಿ ಬರೆದಿರುತ್ತಿದ್ದುದರಿಂದ ಈ ಹಾಸ್ಯಕ್ಕೆ ಅವಕಾಶವಿರಲಿಲ್ಲ.

ಇದು ಯಂತ್ರದ ದೋಷವೆಂದು ಹೇಳುವಂತಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆಯನ್ನು ಕಲ್ಪಿಸಿದ ಯುನಿಕೋಡ್ 1991ರಲ್ಲಿ ಹೊರಬಂದಾಗಲೇ ಕನ್ನಡ ಅದರೊಳಗಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ ಕೋಹಾ ಎಂಬ ಉಚಿತ ತಂತ್ರಾಂಶವಾಗಲಿ, ನಮ್ಮದೇ ಇನ್‌ಫ್ಲಿಬ್‌ನೆಟ್ ಸಂಸ್ಥೆ ಸಿದ್ಧಪಡಿಸಿದ ಸೋಲ್ ಎಂಬ ತಂತ್ರಾಂಶವಾಗಲಿ (ಕನ್ನಡದ ಕಿವಿಗೆ ಈ ಹೆಸರು ಅಪಶಕುನವೇ!) ಕನ್ನಡವನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಬಲ್ಲವು. ಇಡುವವರು ಬೇಕು, ಇಡಲು ಸಮಯ ಬೇಕು. ಮೌಲ್ಯಮಾಪನದ ಹಾಳೆಯಲ್ಲಿ "ಗ್ರಂಥಾಲಯ ಗಣಕೀಕೃತವೇ?" ಎಂಬ ಪ್ರಶ್ನೆಗೆ "ಹೌದು" ಎಂದು ಬರೆದ ಮೇಲೆ, ಕನ್ನಡದ ಸಾವಿರಾರು ನಮೂದುಗಳನ್ನು ಮತ್ತೆ ತಿದ್ದಿ ಬರೆಯಲು ಯಾವ ಅಧಿಕಾರಿಯೂ ಹಣ ಮಂಜೂರು ಮಾಡುವುದಿಲ್ಲ.

ಮಹಾಪ್ರಬಂಧಗಳದು ಇನ್ನೊಂದು ಕಥೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದಿಂದ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸುವುದು ಕಡ್ಡಾಯವಾಯಿತು. ಶೋಧಗಂಗಾ ಎಂಬ ಭಂಡಾರದಲ್ಲಿ ಅವನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಓದಬಹುದು. ನನ್ನ ಕಾಲದಲ್ಲಿ ಒಂದು ಪ್ರಬಂಧವನ್ನು ನೋಡಲು ಬಸ್ಸು ಹತ್ತಿ ಹೋಗಿ, ಅರ್ಜಿ ಬರೆದು, ಅಲ್ಲಿಯೇ ಕುಳಿತು ಕೈಯಿಂದ ಇಳಿಸಿಕೊಳ್ಳಬೇಕಿತ್ತು. ಆದ್ದರಿಂದ ಈ ಏರ್ಪಾಟಿನ ಬಗ್ಗೆ ನನಗೆ ಗೌರವವಿದೆ. ಆದರೆ ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ಹಳೆಯ ಬಗೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದವು. ಆ ವಿನ್ಯಾಸಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಹೊಟ್ಟೆಯಲ್ಲಿರುವುದು ರೋಮನ್ ಚಿಹ್ನೆಗಳ ಒಂದು ರಾಶಿ. ಬಯಲಾಟದ ವೇಷದಂತೆ, ಹೊರಗೆ ಕಿರೀಟ, ಒಳಗೆ ಬೇರೆಯೇ ಮನುಷ್ಯ. ಕನ್ನಡದಲ್ಲಿ ಒಂದು ಶಬ್ದವನ್ನು ಕೊಟ್ಟು ಹುಡುಕಿದರೆ ಯಂತ್ರ "ಇಲ್ಲ" ಎನ್ನುತ್ತದೆ. ಇನ್ನು ಕೆಲವು ಬರಿಯ ಪುಟಗಳ ಛಾಯಾಚಿತ್ರಗಳು. ಅವುಗಳಲ್ಲಿ ಯಂತ್ರಕ್ಕೆ ಅಕ್ಷರವೇ ಕಾಣುವುದಿಲ್ಲ. ಪರೀಕ್ಷಕನಾಗಿ ನಾನು ಓದಿದ ಪ್ರಬಂಧವೊಂದರಲ್ಲಿ ಅಭ್ಯರ್ಥಿಯು ತನ್ನ ವಿಷಯದ ಮೇಲೆ ಹಿಂದೆ ಯಾರೂ ಕೆಲಸ ಮಾಡಿಲ್ಲವೆಂದು ಬರೆದಿದ್ದನು. ಮಾಡಿದ್ದರು. ಆ ಕೆಲಸ ಜಾಲದಲ್ಲಿಯೂ ಇತ್ತು. ಅವನು ಪ್ರಾಮಾಣಿಕವಾಗಿ ಹುಡುಕಿದ್ದನು ಕೂಡ. ನಾಲ್ಕು ವರ್ಷಗಳ ಶ್ರಮದಲ್ಲಿ ಅರ್ಧವನ್ನು ಅವನು ಇನ್ನೊಬ್ಬರು ಉತ್ತಿದ್ದ ನೆಲವನ್ನೇ ಮತ್ತೆ ಉಳುವುದಕ್ಕೆ ಕಳೆದಿದ್ದನು.

2024ರ ನವೆಂಬರಿನಲ್ಲಿ ಕೇಂದ್ರ ಸರಕಾರ "ಒಂದು ರಾಷ್ಟ್ರ, ಒಂದು ಚಂದಾ" ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಗಳಿಗೆ 6000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6300ರಷ್ಟು ಸರಕಾರಿ ಸಂಸ್ಥೆಗಳಿಗೆ ಅವುಗಳ ಬಾಗಿಲು ತೆರೆಯಿತು. ರಸಾಯನಶಾಸ್ತ್ರದ, ವೈದ್ಯಕೀಯದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಭಾಗ್ಯ. ಸಣ್ಣ ಊರಿನ ಸಂಸ್ಥೆಗೂ ದೊಡ್ಡ ನಗರದ ಸಂಸ್ಥೆಗೂ ಇದರಲ್ಲಿ ಒಂದೇ ಪಂಕ್ತಿ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಬೇಕಾದ ಪ್ರಬುದ್ಧ ಕರ್ಣಾಟಕದ, ಕರ್ನಾಟಕ ಭಾರತಿಯ ಹಳೆಯ ಸಂಚಿಕೆಗಳು ಅಂಥ ಪ್ರಕಾಶಕರ ಉಗ್ರಾಣದಲ್ಲಿ ಇರುವಂಥವಲ್ಲ. ಒಟ್ಟು ಪತ್ರಿಕೆಗಳ ಎಣಿಕೆ ಒಮ್ಮೆಲೇ ಸಾವಿರಗಳಿಗೆ ಏರಿದ್ದನ್ನು ಕಂಡು, ಕನ್ನಡ ವಿಭಾಗದ ಅಗತ್ಯವೂ ತೀರಿತೆಂದು ಯಾರಾದರೂ ಲೆಕ್ಕ ಹಾಕಿಯಾರೆಂಬ ಅಂಜಿಕೆ ನನಗಿದೆ.

ಹಾಗಿದ್ದರೆ ನಮ್ಮಂಥ ಕಡೆ, ಹಣವಿಲ್ಲದ ಹೊಸ ವಿಶ್ವವಿದ್ಯಾಲಯದಲ್ಲಿ, ಏನು ಮಾಡಬಹುದು? ಹಳೆಯದೊಂದು ಉಪಾಯವಿದೆ. 1970ರ ಸುಮಾರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅರ್ಕ್ವಾರ್ಟ್ ಮತ್ತು ಸ್ಕೋಫೀಲ್ಡ್ ಎಂಬಿಬ್ಬರು ಓದುಗರ ಕೈಗೆ ಚೀಟಿಗಳನ್ನು ಕೊಟ್ಟರು. ಹುಡುಕಿಕೊಂಡು ಬಂದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ, ಅದು ಇರಬೇಕಾದ ಜಾಗದಲ್ಲಿ ಚೀಟಿಯನ್ನು ಇಟ್ಟುಹೋಗಬೇಕು, ಇಷ್ಟೆ. ಆ ಚೀಟಿಗಳನ್ನು ಕೂಡಿಸಿ, ಪ್ರತಿಯೊಂದು ಪುಸ್ತಕವೂ ಏಕೆ ಸಿಗಲಿಲ್ಲವೆಂದು ಬೆನ್ನು ಹತ್ತಿದರು. ಎರವಲು ಹೋಗಿರಬಹುದು, ಬೇರೆ ಕಪಾಟಿಗೆ ಸೇರಿರಬಹುದು, ರಟ್ಟು ಕಟ್ಟಲು ಕಳಿಸಿರಬಹುದು, ಕಳೆದೇ ಹೋಗಿರಬಹುದು. ಒಂದೊಂದು ಕಾರಣಕ್ಕೂ ಮದ್ದು ಬೇರೆ. ಸಿಗದ್ದನ್ನು ಬರೆದಿಡುವುದು ಎಂದು ಮೊದಲು ಹೇಳಿದೆನಲ್ಲ, ಅದು ಇದೇ.

ನಮಗೆ ಈ ಚೀಟಿಯಲ್ಲಿ ಇನ್ನೆರಡು ಕಲಮು ಬೇಕು. ಹುಡುಕುವಾಗ ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ ಹುಡುಕಿದಿರಿ ಎಂಬುದು ಒಂದು; ಯಾರನ್ನಾದರೂ ಕೇಳಿದಿರಾ, ಅವರೇನು ಹೇಳಿದರು ಎಂಬುದು ಇನ್ನೊಂದು. ಎರಡನೆಯದರ ಮಹತ್ವಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಜೆ. ಎಫ್. ಫ್ಲೀಟರು ಅಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ನಮ್ಮ ತಾಲ್ಲೂಕಿನ ವಿದ್ಯಾರ್ಥಿನಿ ಅದನ್ನು ಕೇಳಿದಳೆಂದು ಇಟ್ಟುಕೊಳ್ಳಿ. ಹೊಸ ಗ್ರಂಥಾಲಯದಲ್ಲಿ ಆ ಸಂಪುಟ ಇಲ್ಲದಿರಬಹುದು. "ಇಲ್ಲ" ಎಂದರೆ ಅವಳು ಊರಿಗೆ ಮರಳುತ್ತಾಳೆ. ಆದರೆ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದ ಆ ಸಂಪುಟದ ಪ್ರತಿ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನು ಬಲ್ಲ ಗ್ರಂಥಪಾಲಕ ಐದು ನಿಮಿಷದಲ್ಲಿ ಅವಳ ಮುಂದೆ ತೆರೆದಿಡಬಲ್ಲ. ಆ ಗ್ರಂಥಾಲಯದ ಪುಸ್ತಕಗಳ ಎಣಿಕೆಯಲ್ಲಿ ಈ ಐದು ನಿಮಿಷ ಎಲ್ಲಿಯೂ ಬರುವುದಿಲ್ಲ. ಚೀಟಿಯ ಕೊನೆಯ ಕಲಮಿನಲ್ಲಿ ಬರುತ್ತದೆ.

ವರ್ಷದಲ್ಲಿ ಎರಡು ವಾರ ಈ ಚೀಟಿಗಳನ್ನು ಹಂಚಿದರೆ ಸಾಕು. ಒಂದು ವಾರ ತರಗತಿಗಳು ಆರಂಭವಾದ ಹೊಸದರಲ್ಲಿ, ಇನ್ನೊಂದು ವಿದ್ಯಾರ್ಥಿಗಳು ಕಿರುಪ್ರಬಂಧಗಳನ್ನು ಬರೆಯಲು ತೊಡಗಿದಾಗ. ಪರೀಕ್ಷೆಯ ಮುಂಚಿನ ವಾರ ಬೇಡ. ಆಗ ಎಲ್ಲರೂ ಒಂದೇ ನಾಲ್ಕು ಪಠ್ಯಪುಸ್ತಕ ಕೇಳುತ್ತಾರೆ, ಲೆಕ್ಕ ವಾಲುತ್ತದೆ. ಚೀಟಿಯ ಮೇಲೆ ಹೆಸರು ಬರೆಸಬಾರದು. ಹೆಸರು ಬರೆಸಿದರೆ ಮತ್ತೆ "ಚಲೋ ಐತ್ರಿ" ಶುರುವಾಗುತ್ತದೆ. ಕೂಡಿದ ಚೀಟಿಗಳನ್ನು ವಿಂಗಡಿಸುವ ಕೆಲಸವನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಗಣಕ ಕೇಂದ್ರದವರೊಬ್ಬರು ಆ ದಿನ ಅವರ ಜೊತೆ ಕುಳಿತಿರಲಿ. ಕಾಗುಣಿತದ ಚೀಟಿಗಳು ಅವರ ಪಾಲಿಗೆ ಬರುತ್ತವೆ.